ಸಹಾಯ ಬೇಕು: ಆಕ್ಸ್‌ಐ ಡೇಸಿ ಬೀದರಿನ ಬೇಸಿಗೆ ದಾಟುವುದೇ?

ಬೀದರ್ ಕಡೆ ಆಕ್ಸ್‌ಐ ಡೇಸಿ ಬೆಳೆಸಿದವರು ಯಾರಾದರೂ ಇದ್ದೀರಾ? ಬಿಳಿ ಎಸಳು, ಹಳದಿ ನಡುವಿನ ಹೂ, ಸೇವಂತಿಗೆಯ ಕುಟುಂಬದ್ದೇ. ಯುರೋಪಿನ ಹುಲ್ಲುಗಾವಲುಗಳ ಕಾಡು ಗಿಡ, ನೆಲದೊಳಗಿನ ಬೇರುಕಾಂಡದಿಂದ ವರ್ಷ ವರ್ಷವೂ ಚಿಗುರುವಂಥದ್ದು.

ಬೀಜ ತರಿಸಿಕೊಂಡಿದ್ದೇನೆ. ಮೊಳೆಯಲು ಬೆಳಕು ನೆರವಾಗುತ್ತದೆಯಾದ್ದರಿಂದ ಆಳವಾಗಿ ಹೂಳದೆ ಮಣ್ಣಿನ ಮೇಲೆ ಒತ್ತಿ ಬಿಡಬೇಕು, ಹೆಚ್ಚು ಗೊಬ್ಬರ ಬೇಡ ಎಂಬಷ್ಟು ತಿಳಿದಿದೆ. ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ. ಆ ಚಿಂತೆಯಿಲ್ಲ. ಚಿಂತೆ ಇರುವುದು ಏಪ್ರಿಲ್, ಮೇ ತಿಂಗಳದ್ದು: 40 ಡಿಗ್ರಿ ಬಿಸಿಲಿನಲ್ಲಿ ಈ ತಂಪು ನಾಡಿನ ಗಿಡ ಬೇರಿನಲ್ಲಾದರೂ ಜೀವ ಹಿಡಿದುಕೊಳ್ಳುವುದೇ? ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಬಿತ್ತಿದರೆ ನಮ್ಮ ಡಿಸೆಂಬರ್, ಜನವರಿಯ ಚಳಿ ಮೊಗ್ಗು ಕಟ್ಟಲು ಸಾಕೇ? ಮಧ್ಯಾಹ್ನಕ್ಕೆ ನೆರಳು ಪರದೆ ಕಟ್ಟಬೇಕೇ, ಬೇವಿನ ಮರದ ನೆರಳು ಸಾಕೇ?

ಇನ್ನೊಂದು ವಿಷಯ. ಕಾಶ್ಮೀರದಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು ಹುಲ್ಲುಗಾವಲುಗಳಿಗೆ ಹಬ್ಬಿ ಕಳೆಯಾಗಿದೆ. ಪಾರ್ಥೇನಿಯಂ ಕಾಟ ಉಂಡವರು ನಾವು, ಅದೂ ಇದೇ ಕುಟುಂಬದ್ದು! ಹಾಗಾಗಿ ಕುಂಡದಲ್ಲೇ ಬೆಳೆಸಿ, ಬೀಜ ಕಟ್ಟುವ ಮೊದಲೇ ಬಾಡಿದ ಹೂ ಕತ್ತರಿಸುವುದು ಖಚಿತ.

ತೋಟಗಾರಿಕೆ ಓದಿದವರು, ಕಲಬುರಗಿ, ಯಾದಗಿರಿ ಕಡೆ ಬೆಳೆಸಿ ನೋಡಿದವರು ದಯವಿಟ್ಟು ಅನುಭವ ತಿಳಿಸಿ. ಬೆಂಗಳೂರಿನ ಬಾಲ್ಕನಿಯ ಸಲಹೆ ಇಲ್ಲಿನ ಬಿಸಿಲಿಗೆ ಹೊಂದುವುದಿಲ್ಲ. "ಅದರ ಬದಲು ಸೇವಂತಿಗೆ ಹಾಕಿ" ಎನ್ನುವವರಿಗೆ: ಅದು ಈಗಾಗಲೇ ಅಂಗಳದಲ್ಲಿದೆ.