ಗುಂಡು ಹಾರಿದಾಗ ನಾಸ್ತಿಕನಿಗೂ ದೇವರು ನೆನಪಾಗುತ್ತಾನಾ? ಸೇನೆಯಲ್ಲಿ ಇದ್ದವರು ಹೇಳಿ

ಹಾವೇರಿಯ ಅಕ್ಕ (ಪ್ರಶ್ನೆ):
ನನ್ನ ತಮ್ಮ ಸೇನೆಗೆ ಸೇರಿ ಆರು ವರ್ಷವಾಯಿತು. ಈಗ ಅವನ ಯೂನಿಟ್ ಸಿಯಾಚಿನ್‌ಗೆ ಹೊರಟಿದೆ. ನಮ್ಮ ಅಮ್ಮನಿಗೆ ಸಿಯಾಚಿನ್ ಅಂದರೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರೇ ಕಣ್ಣ ಮುಂದೆ ಬರುತ್ತಾರೆ. 2016ರಲ್ಲಿ ಆರು ದಿನ ಹಿಮದಡಿ ಜೀವ ಹಿಡಿದು, ಹೊರಗೆ ಬಂದು ತೀರಿಕೊಂಡರಲ್ಲ, ಅವರು. ಅದಕ್ಕೇ ಅಮ್ಮ ದ್ಯಾಮವ್ವನ ಗುಡಿಗೆ ಹೋಗಿ ತಾಯತ ಮಾಡಿಸಿಕೊಂಡು ಬಂದರು. ತಮ್ಮ ಪಿಯುಸಿಯಿಂದಲೇ ದೇವರನ್ನು ನಂಬುವವನಲ್ಲ. ಬೇಡ ಎಂದುಬಿಟ್ಟ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಅಪ್ಪ ಬೇರೆ, "ಬಿಡು, ತಲೆ ಮೇಲೆ ಗುಂಡು ಹಾರಲಿ, ತಾನಾಗೇ ಕೈ ಮುಗೀತಾನೆ" ಎಂದು ನಕ್ಕರು. ತಮ್ಮನಿಗೆ ಆ ಮಾತೇ ಜಾಸ್ತಿ ಚುಚ್ಚಿತು. ನಿಜಕ್ಕೂ ಹಾಗೆ ಆಗುತ್ತದಾ? ಅಮ್ಮನಿಗೆ ಏನು ಹೇಳಲಿ? ಅವನ ರಜೆ ಮುಗಿಯಲು ಐದೇ ದಿನ ಇದೆ.

ಬೆಳಗಾವಿ ಕಡೆಯ ಮಾಜಿ ಗನ್ನರ್:
ತಂಗಿ, ನಾನು 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ತೋಪಿನ ಜೊತೆ ಇದ್ದೆ. ಜೂನ್ 13ಕ್ಕೆ ಟೊಲೊಲಿಂಗ್ ಬೆಟ್ಟ ನಮ್ಮ ಕೈಗೆ ಬರುವವರೆಗೂ ಹೆದ್ದಾರಿ ಪೂರ್ತಿ ಪಾಕಿಸ್ತಾನದವರ ಕಣ್ಣ ಕೆಳಗೇ ಇತ್ತು. ಮೇಲೆ ಕೂತವರು ನೋಡಿ ನೋಡಿ ಶೆಲ್ ಹಾಕಿಸುತ್ತಿದ್ದರು. ಸದ್ದು ಕೇಳಿ ನೆಲಕ್ಕೆ ಬೀಳಲು ಒಂದೆರಡು ಸೆಕೆಂಡ್ ಸಿಕ್ಕರೆ ಪುಣ್ಯ.

ನಾನು ದಿನಾ ವಿಭೂತಿ ಹಚ್ಚುವವನು. ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು "ಯವ್ವಾ!" ಅಷ್ಟೇ. ಶಿವ ಬರಲಿಲ್ಲ, ಬಸವಣ್ಣ ಬರಲಿಲ್ಲ. ಪಕ್ಕದಲ್ಲಿ ಕೇರಳದ ಹುಡುಗ ಒಬ್ಬ ಇದ್ದ. ದೇವರಿಲ್ಲ ಎಂದು ರಾತ್ರಿಯಿಡೀ ವಾದ ಮಾಡುವವನು. ಅವನು "ದೈವಮೇ" ಎಂದು ಕೂಗಿದ! ಮರುದಿನ ಚಹಾ ಹೊತ್ತಿಗೆ ಎಲ್ಲರೂ ಸೇರಿ ಅವನನ್ನು ಕಾಡಿಸಿದ್ದೇ ಕಾಡಿಸಿದ್ದು. ಅವನು ತಣ್ಣಗೆ, "ಕಾಲು ಎಡವಿದರೂ ಹಾಗೇ ಅನ್ನುತ್ತೇನೆ, ಅದು ಪ್ರಾರ್ಥನೆಯಾ?" ಎಂದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗಲೂ ಫೋನ್ ಮಾಡುತ್ತಾನೆ. ಹಾಗೇ ಇದ್ದಾನೆ, ಗುಡಿ ಮೆಟ್ಟಿಲು ಹತ್ತಿಲ್ಲ.

ಇನ್ನೊಬ್ಬನನ್ನೂ ಹೇಳಬೇಕು. ಅವನಿಗೂ ನಂಬಿಕೆ ಇರಲಿಲ್ಲ. ತಾನು ಎದ್ದು ಹೋದ ಜಾಗದಲ್ಲಿ ಬೇರೆಯವನು ಬಂದು ಕೂತ, ಅಲ್ಲಿಗೇ ಶೆಲ್ ಬಿತ್ತು. ಆ ದಿನ ಇವನು ಏನೂ ಅನ್ನಲಿಲ್ಲ. ಅಳಲೂ ಇಲ್ಲ. ಎರಡು ತಿಂಗಳಾದ ಮೇಲೆ, ಎಲ್ಲಾ ಮುಗಿದು ತಣ್ಣಗಾದಾಗ, ಶನಿವಾರ ಶನಿವಾರ ಹನುಮಪ್ಪನಿಗೆ ಉಪವಾಸ ಶುರು ಮಾಡಿದ. ಹೆದರಿಕೆಯಿಂದ ಅಲ್ಲ. "ಅವನು ಹೋದ, ನಾನ್ಯಾಕೆ ಉಳಿದೆ" ಅನ್ನುವುದು ಅವನನ್ನು ತಿನ್ನುತ್ತಿತ್ತು. ನಿಮ್ಮ ಅಪ್ಪ ಹೇಳಿದ ಹಾಗೆ ಗುಂಡು ಹಾರುವಾಗಲೇ ಬದಲಾದವರನ್ನು ನಾನಂತೂ ನೋಡಲಿಲ್ಲ.

ಕೊಡಗಿನಿಂದ ಒಬ್ಬರು:
ನಮ್ಮ ಮನೆಯಲ್ಲಿ ಇದು ಉಲ್ಟಾ ಆಯಿತು. ನಮ್ಮ ಕೊಡವರ ದೇವರು ಇಗ್ಗುತಪ್ಪನಿಗೆ ಹೇಳದೆ ಸೇನೆಯಲ್ಲಿದ್ದ ನಮ್ಮ ಯಜಮಾನರು ಹೊರಗೆ ಕಾಲಿಡುತ್ತಿರಲಿಲ್ಲ. ಕಾಶ್ಮೀರದಲ್ಲಿ ಒಂದೇ ದಿನ ಅವರ ಜೊತೆಯ ಮೂವರು ತೀರಿಹೋದರು. ರಜೆಗೆ ಬಂದವರು ದೀಪ ಹಚ್ಚಲಿಲ್ಲ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಡುತ್ತಾರೆ, ಅದು ಹಿರಿಯರಿಗೆ ಎನ್ನುತ್ತಾರೆ. ದೇವರ ಕೋಣೆಗೆ ಈಗಲೂ ಬರುವುದಿಲ್ಲ. ನಾನೂ ಕರೆಯುವುದು ಬಿಟ್ಟಿದ್ದೇನೆ.

ಮಾಜಿ ಸ್ಯಾಪರ್ (ಸೇನೆಯ ಎಂಜಿನಿಯರ್ ದಳದ ಜವಾನ), ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರು:
ನಾನು ನಾಸ್ತಿಕ. 1988ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದಲ್ಲಿದ್ದೆ. ಕೆಲಸ ನೆಲದಲ್ಲಿ ಹೂತಿಟ್ಟ ಮೈನ್ (ಸ್ಫೋಟಕ) ತೆಗೆಯುವುದು. ಮಣ್ಣು ಕೆದಕುವಾಗ ತಲೆಯಲ್ಲಿ ಬೇರೆ ಯಾರಿಗೂ ಜಾಗ ಇರುವುದಿಲ್ಲ. ದೇವರಿಗೂ ಇಲ್ಲ, ಹೆಂಡತಿಗೂ ಇಲ್ಲ. ಜೀವ ಪೂರ್ತಿ ಬೆರಳ ತುದಿಯಲ್ಲಿ. ಹೆದರಿಕೆ ಬರುವುದು ರಾತ್ರಿ, ತಟ್ಟೆ ಹಿಡಿದ ಕೈ ನಡುಗುವಾಗ. ಆಗ ಪಕ್ಕದವನು ಬೀಡಿ ಕೊಡುತ್ತಿದ್ದ. ನನಗೆ ಅದೇ ಸಾಕಿತ್ತು.

ತಮ್ಮನಿಗೆ ಎರಡು ಮಾತು. ಒಂದು, ಸೇರುವಾಗಿನ ಪ್ರಮಾಣವನ್ನು ದೇವರ ಹೆಸರು ತೆಗೆದುಕೊಳ್ಳದೆಯೂ ಮಾಡಬಹುದು. ನಂಬದವನಿಗೆ ಸೇನೆಯಲ್ಲಿ ಜಾಗ ಇದೆ. ಆದರೆ ಮಂದಿರ್ ಪರೇಡ್, ಅಂದರೆ ಯೂನಿಟ್‌ನವರೆಲ್ಲ ಗುಡಿಯಲ್ಲಿ ಸೇರುವ ಪ್ರಾರ್ಥನೆ, ಇದ್ದಾಗ ಹಟ ಬೇಡ. ಅಲ್ಲಿ ದೇವರಿಗಿಂತ ಜಾಸ್ತಿ ಯೂನಿಟ್ ಕೂಡುತ್ತದೆ. ಗರ್ಭಗುಡಿಯೊಳಗೆ ಬರುವುದಿಲ್ಲ ಎಂದ ಕ್ರೈಸ್ತ ಅಧಿಕಾರಿಯೊಬ್ಬರ ವಜಾವನ್ನು 2025ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಅಧಿಕಾರಿಯ ಮಾತು, ಜವಾನನ ಲೆಕ್ಕ ಬೇರೆ. ಆದರೂ ಗೊತ್ತಿರಲಿ. (ಆ ತೀರ್ಪು ನನಗೆ ಹಿಡಿಸಲಿಲ್ಲ. ಆ ಜಗಳ ಇಲ್ಲಿ ಬೇಡ.)

ಟೆಕ್ಸಾಸ್‌ನಿಂದ:
ನಿಮ್ಮ ತಂದೆಯ ಮಾತು ಇಲ್ಲೂ ಇದೆ, "ಯುದ್ಧದ ಕಂದಕದಲ್ಲಿ ನಾಸ್ತಿಕರಿಲ್ಲ" ಅಂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಮಾತಾಯಿತು. ಆ ಯುದ್ಧದ ಅಮೆರಿಕನ್ ಸೈನಿಕರನ್ನು ಕೇಳಿದಾಗ ಬಹಳ ಜನ ಪ್ರಾರ್ಥನೆಯಿಂದ ಧೈರ್ಯ ಬಂತು ಎಂದದ್ದು ನಿಜ. ಆದರೆ ಪ್ಯಾಟ್ ಟಿಲ್ಮನ್ ಅಂತ ಫುಟ್‌ಬಾಲ್ ಆಟಗಾರ ಇದ್ದ. ಆಟ ಬಿಟ್ಟು ಸೇನೆಗೆ ಸೇರಿ, 2004ರಲ್ಲಿ ಅಫ್ಘಾನಿಸ್ತಾನದಲ್ಲಿ ಸ್ವಂತ ಕಡೆಯವರ ಗುಂಡಿಗೇ ಬಲಿಯಾದ. ಸ್ಮರಣೆಯ ಸಭೆಯಲ್ಲಿ ಕೆಲವರು ಅವನು ದೇವರ ಬಳಿ ಹೋದ ಎಂದಾಗ, ಅವನ ತಮ್ಮನೇ ಎದ್ದು, ಅಣ್ಣ ದೇವರನ್ನು ನಂಬುತ್ತಿರಲಿಲ್ಲ ಎಂದು ಹೇಳಿದ.

ಧಾರವಾಡದ ಮೇಷ್ಟ್ರು:
ಅಷ್ಟು ದೂರ ಯಾಕೆ? ಭಗತ್ ಸಿಂಗ್ ಇಲ್ಲವಾ? ಲಾಹೋರ್ ಜೈಲಿನಲ್ಲಿ 1930ರಲ್ಲಿ, ನೇಣು ಎದುರಿಗೇ ಇದ್ದಾಗ, ತಾನು ಯಾಕೆ ನಂಬುವುದಿಲ್ಲ ಎಂದು ಬರೆದಿಟ್ಟ. ಕೊನೆಗಾಲದಲ್ಲಿ ನಂಬುತ್ತೀಯ ಎಂದವರಿಗೂ ಅದರಲ್ಲೇ ಉತ್ತರ ಕೊಟ್ಟ. ಹಾಗೆ ಮಾಡಿದರೆ ಅದು ತನಗೆ ಅವಮಾನ ಎಂದ. 1931ರ ಮಾರ್ಚ್ 23ರಂದು ಗಲ್ಲಿಗೇರಿದ. ಇದನ್ನು ಅಪ್ಪನಿಗೆ ಹೇಳಿ, ಅಮ್ಮನಿಗೆ ಬೇಡ.

ಸಿಯಾಚಿನ್‌ಗೆ ಹೋಗಿ ಬಂದವನು:
ಅಕ್ಕಾ, ಅಲ್ಲಿ ಗುಂಡು ಎಲ್ಲಿಯದು? 2003ರ ನವೆಂಬರ್‌ನಿಂದ ಕದನವಿರಾಮ ಇದೆ. ಅಲ್ಲಿ ಜೀವ ತೆಗೆಯುವುದು ಹಿಮ, ಗಾಳಿ, ಹಿಮಗಡ್ಡೆಯ ಬಿರುಕು. ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುತ್ತೇವೆ. ಒಬ್ಬ ಬಿರುಕಿಗೆ ಬಿದ್ದರೆ ಮಿಕ್ಕವರೇ ಎಳೆಯಬೇಕು.

ಬೇಸ್ ಕ್ಯಾಂಪಿನಲ್ಲಿ ಓಪಿ ಬಾಬಾ ಗುಡಿ ಇದೆ. ಓಂ ಪ್ರಕಾಶ್ ಅನ್ನುವ ಜವಾನ ಒಂದು ಪೋಸ್ಟ್‌ನಲ್ಲಿ ಒಬ್ಬನೇ ನಿಂತು ಕಾದಾಡಿದ, ಆಮೇಲೆ ಸಿಗಲೇ ಇಲ್ಲ ಅಂತ ಕತೆ. ಮೇಲೆ ಹೋಗುವ ಮುಂಚೆ ಬಾಬಾಗೆ ರಿಪೋರ್ಟ್ ಮಾಡಬೇಕು, ಇಳಿದು ಬಂದ ಮೇಲೂ ಮಾಡಬೇಕು. ಹಿಂದೂ, ಮುಸ್ಲಿಂ, ಸಿಖ್ ಎಲ್ಲರೂ ಮಾಡುತ್ತಾರೆ. ಅಮ್ಮನಿಗೆ ಇಷ್ಟು ಹೇಳಿ: ಅಲ್ಲಿ ನೋಡಿಕೊಳ್ಳಲು ಒಬ್ಬರಿದ್ದಾರೆ. ತಾಯತದ ಬದಲು ಒಳ್ಳೆ ಉಣ್ಣೆ ಸಾಕ್ಸ್ ಕೊಡಿ. ಮತ್ತೆ ಕರದಂಟು. ಮೇಲೆ ಹೋದ ಮೇಲೆ ಊಟವೇ ಸೇರುವುದಿಲ್ಲ. ಇಂಥದ್ದಾದರೆ ಬಾಯಿಗೆ ಹೋಗುತ್ತದೆ.

ಹಾವೇರಿಯ ಅಕ್ಕ (ಎರಡು ತಿಂಗಳ ಮೇಲೆ):
ಎಲ್ಲರಿಗೂ ಹೇಳಬೇಕಿತ್ತು, ತಡವಾಯಿತು. ಅಪ್ಪ ಮೇಷ್ಟ್ರ ಮಾತು ಕೇಳಿ ಸುಮ್ಮನಾದರು. ಅಮ್ಮ ಕರದಂಟು ಮಾಡಿ ಡಬ್ಬಿ ತುಂಬಿಸಿದರು. ತಾಯತವನ್ನು ತಮ್ಮ ಕಟ್ಟಿಕೊಳ್ಳಲಿಲ್ಲ. ಆದರೆ ಡಬ್ಬಿಯ ತಳದಲ್ಲಿ ಅಮ್ಮ ಅದನ್ನು ಇಟ್ಟದ್ದು ನೋಡಿಯೂ ತೆಗೆಯಲಿಲ್ಲ. ಮೊನ್ನೆ ಫೋನ್ ಸಿಕ್ಕಿತ್ತು. ಬಾಬಾ ಗುಡಿಗೆ ಹೋಗಿದ್ದೆಯಾ ಎಂದೆ. "ಹೂಂ, ಸಲ್ಯೂಟ್ ಹೊಡೆದೆ. ಸೀನಿಯರ್ ಅಲ್ವಾ" ಎಂದ. ತಾಯತದ ವಿಷಯ ನಾನೂ ಕೇಳಲಿಲ್ಲ, ಅವನೂ ಎತ್ತಲಿಲ್ಲ. ಕರದಂಟು ಖಾಲಿಯಂತೆ.