ಆಫೀಸಿಗೆ ಸರ್ವರ್ ಸಿಗುತ್ತದೆ, ಲ್ಯಾಬಿಗೆ ಸಿಗುತ್ತಿಲ್ಲ: ನಿಮ್ಮ ಅನುಭವ ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾಲೇಜಿನಲ್ಲಿ ಸಿಸ್ಟಂಗಳನ್ನು ನೋಡಿಕೊಳ್ಳುತ್ತೇನೆ. ನಮ್ಮ ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರಿನ ಸರ್ವರ್ ಆಫೀಸ್ ಬ್ಲಾಕಿನಲ್ಲಿದೆ. ಉಬುಂಟು, ಐಪಿ 192.168.1.10. ಕಂಪ್ಯೂಟರ್ ಲ್ಯಾಬ್ ಮೊದಲಿನಿಂದಲೂ ಬೇರೆ ಸಬ್‌ನೆಟ್, ಅಂದರೆ ನೆಟ್‌ವರ್ಕಿನ ಬೇರೆ ಭಾಗ, 192.168.5.0/24. ರಜೆಯಲ್ಲಿ ಹಳೇ ರೂಟರ್ ತೆಗೆದು, ಅದರ ಕೆಲಸವನ್ನೂ ಮಾಡುವ ಲೇಯರ್-3 ಸ್ವಿಚ್ ಹಾಕಿದರು. ಅವತ್ತಿನಿಂದ ಲ್ಯಾಬಿನ ಯಾವ ಕಂಪ್ಯೂಟರಿಗೂ ಸರ್ವರ್ ಸಿಗುತ್ತಿಲ್ಲ. ಸಿಗುತ್ತದೆಯಾ ಅಂತ ಪಿಂಗ್ ಕೊಟ್ಟರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಆದರೆ ಅದೇ ಲ್ಯಾಬಿನಿಂದ, ಆಫೀಸ್ ನೆಟ್‌ವರ್ಕಿನ ಹೊರಬಾಗಿಲಾದ 192.168.1.1 ಗೇಟ್‌ವೇಗೆ ಪಿಂಗ್ ಹೋಗುತ್ತದೆ, ಆಫೀಸಿನ ಪ್ರಿಂಟರಿಗೂ ಹೋಗುತ್ತದೆ. ಆಫೀಸಿನವರಿಗೆ ಕೋಹಾ ಚೆನ್ನಾಗಿಯೇ ತೆರೆಯುತ್ತದೆ. ಸರ್ವರಿನಲ್ಲಿ ಇಂಟರ್ನೆಟ್ ಕೂಡ ಇದೆ. ಫೈರ್‌ವಾಲ್ ಆಫ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಸ್ವಿಚ್ ಹಾಕಿದವರು ಸರ್ವರ್ ನೋಡಿ ಅನ್ನುತ್ತಾರೆ, ಸರ್ವರ್ ಹಾಕಿದವರು ಸ್ವಿಚ್ ನೋಡಿ ಅನ್ನುತ್ತಾರೆ. ಸೋಮವಾರ ಕ್ಲಾಸು ಶುರು. ಎಲ್ಲಿಂದ ಹುಡುಕಲಿ?

ಮೈಸೂರಿನಿಂದ

ಮೇಡಂ, ಲ್ಯಾಬಿನಿಂದ ಸರ್ವರಿನ 8080 ಪೋರ್ಟ್ (ಕೋಹಾ ಕಿವಿಗೊಡುವ ಬಾಗಿಲು) ತೆರೆದಾಗ ಏನು ಬರುತ್ತದೆ ನೋಡಿ. ತಕ್ಷಣ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದರೆ ಸಾಮಾನ್ಯವಾಗಿ ಸರ್ವರೇ ಉತ್ತರ ಕೊಟ್ಟಿದೆ, ದಾರಿ ಸರಿ ಇದೆ ಅಂತ ಅರ್ಥ. ಆಗ ಸರ್ವಿಸ್ ಓಡುತ್ತಿದೆಯಾ ಅಂತ ನೋಡಬೇಕು. ತುಂಬಾ ಹೊತ್ತು ಸುತ್ತಿ ಸುತ್ತಿ ಟೈಮ್ ಔಟ್ ಆದರೆ ಪ್ಯಾಕೆಟ್ ಎಲ್ಲೋ ಕಳೆದುಹೋಗುತ್ತಿದೆ. ಎರಡಕ್ಕೂ ಹುಡುಕುವ ಜಾಗವೇ ಬೇರೆ.

ದಾವಣಗೆರೆಯಿಂದ

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ ಮೇಡಂ. ಲ್ಯಾಬಿನಿಂದ ಆಫೀಸಿನ ಪ್ರಿಂಟರ್ ಸಿಗುತ್ತದೆ ಅಂದ ಮೇಲೆ ಸ್ವಿಚ್ಚಿನಲ್ಲಿ ಎರಡು ಸಬ್‌ನೆಟ್‌ಗಳ ನಡುವೆ ದಾರಿ ಇದೆ. ಪ್ಯಾಕೆಟ್ ಸರ್ವರ್ ತನಕ ಹೋಗುತ್ತಲೇ ಇರಬೇಕು. ವಾಪಸ್ ಬರುತ್ತಿಲ್ಲ ಅಷ್ಟೇ. ಸಂಜೆ ಬಸ್ಸು ಹಿಡಿದು ಹಳ್ಳಿಗೆ ಹೋದಿರಿ, ಅಲ್ಲಿಂದ ಬರೋಕೆ ಬಸ್ಸೇ ಇಲ್ಲ ಅಂದ ಹಾಗೆ. ನಾವೆಲ್ಲ ಹೋಗುವ ದಾರಿಯನ್ನೇ ಮತ್ತೆ ಮತ್ತೆ ನೋಡುತ್ತೇವೆ. ಪಿಂಗ್ ಕೊಡುವುದೂ ಲ್ಯಾಬಿನಿಂದ, ದಾರಿಯ ಹೆಜ್ಜೆ ತೋರಿಸುವ ಟ್ರೇಸ್‌ರೂಟ್ ಕೊಡುವುದೂ ಲ್ಯಾಬಿನಿಂದ. ಸರ್ವರ್ ಮುಂದೆ ಕೂತು ಲ್ಯಾಬಿನ ಕಡೆಗೆ ನೋಡುವವರು ಕಡಿಮೆ.

ಒಂದು ಅಕ್ಕಿ ಗಿರಣಿಯಲ್ಲಿ ನಾನು ಇದನ್ನು ಕಲಿತೆ. ಗೇಟಿನ ಹತ್ತಿರ ಲಾರಿ ತೂಕ ಮಾಡುವ ವೇಬ್ರಿಡ್ಜ್, ಒಳಗೆ ಬಿಲ್ಲಿಂಗ್ ಸರ್ವರ್. ವೇಬ್ರಿಡ್ಜಿನ ಕಂಪ್ಯೂಟರನ್ನು ಬೇರೆ ಸಬ್‌ನೆಟ್‌ಗೆ ಹಾಕಿದ ಕೂಡಲೇ ತೂಕ ಬಿಲ್ಲಿಗೆ ಬರುವುದು ನಿಂತಿತು. ಎರಡು ದಿನ ಕೇಬಲ್ ಬದಲಿಸಿದೆವು, ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿದೆವು. ಹೊರಗೆ ಭತ್ತದ ಲಾರಿಗಳ ಸಾಲು. ಕೊನೆಗೆ ಸರ್ವರಿನ ಐಪಿ ಸೆಟ್ಟಿಂಗ್ ತೆರೆದರೆ ಡೀಫಾಲ್ಟ್ ಗೇಟ್‌ವೇ ಜಾಗ ಖಾಲಿ. ಅದಕ್ಕೆ ಇಂಟರ್ನೆಟ್ ಬೇಡ ಅಂತ ಯಾರೂ ತುಂಬಿರಲಿಲ್ಲ. ಒಂದೇ ಸಬ್‌ನೆಟ್ ಇರುವ ತನಕ ಅದರ ಅವಶ್ಯಕತೆಯೂ ಬಿದ್ದಿರಲಿಲ್ಲ.

ನಿಮ್ಮ ಸರ್ವರಿನಲ್ಲಿ ಇಂಟರ್ನೆಟ್ ಇದೆ, ಹಾಗಾಗಿ ಗೇಟ್‌ವೇ ಇದ್ದೇ ಇರುತ್ತದೆ. ನನಗೆ ಅನುಮಾನ ಸಬ್‌ನೆಟ್ ಮಾಸ್ಕ್ ಮೇಲೆ. ಐಪಿಯ ಎಷ್ಟು ಭಾಗ ಸಬ್‌ನೆಟ್‌ನದು ಅಂತ ಹೇಳುವ ನಂಬರ್ ಅದು. ಯಾರಿಗೇ ಉತ್ತರ ಕೊಡುವ ಮೊದಲು ಸರ್ವರ್ ತನ್ನ ಮಾಸ್ಕ್ ನೋಡಿಕೊಳ್ಳುತ್ತದೆ. ಈ ವಿಳಾಸ ನನ್ನ ಸಬ್‌ನೆಟ್‌ನದೇ ಅಂತ ಕಂಡರೆ ಗೇಟ್‌ವೇ ಹತ್ತಿರ ಹೋಗುವುದೇ ಇಲ್ಲ, ‘ಈ ಐಪಿ ಯಾರ ಹತ್ತಿರ ಇದೆ’ ಅಂತ ತನ್ನ ಕೇಬಲ್ಲಿನಲ್ಲೇ ಎಆರ್‌ಪಿ ಕೂಗು ಹಾಕುತ್ತದೆ. ಮಾಸ್ಕ್ 255.255.255.0 ಇದ್ದರೆ 192.168.5 ಹೊರಗಿನದು ಅಂತ ಗೊತ್ತಾಗುತ್ತದೆ. ಯಾರಾದರೂ ಕೈತಪ್ಪಿ 255.255.0.0 ಹಾಕಿದ್ದರೆ 192.168 ಅಂತ ಶುರುವಾಗುವುದೆಲ್ಲ ಅದಕ್ಕೆ ಪಕ್ಕದ ಮನೆ. ಲ್ಯಾಬಿನ ಕಂಪ್ಯೂಟರನ್ನು ಆಫೀಸ್ ಬ್ಲಾಕಿನಲ್ಲೇ ಹುಡುಕುತ್ತದೆ. ಅಲ್ಲಿ ಯಾರೂ ಓಗೊಡುವುದಿಲ್ಲ. ಇಂಟರ್ನೆಟ್ ವಿಳಾಸಗಳು 192.168ರಲ್ಲಿ ಇಲ್ಲವಲ್ಲ, ಅವು ಸರಿಯಾಗಿ ಗೇಟ್‌ವೇಗೇ ಹೋಗುತ್ತವೆ. ಆಫೀಸಿನವರು ನಿಜವಾಗಿಯೂ ಪಕ್ಕದವರೇ. ಒಡೆಯುವುದು ಲ್ಯಾಬ್ ಒಂದೇ. ನಿಮ್ಮ ಲಕ್ಷಣ ಪೂರ್ತಿ ಇದಕ್ಕೆ ಹೊಂದುತ್ತದೆ, ಅಲ್ವಾ?

ಹಳೇ ರೂಟರ್ ಇದ್ದಾಗ ಹೇಗೆ ನಡೆಯುತ್ತಿತ್ತು ಅಂತ ಕೇಳಬಹುದು. ಕೆಲವು ರೂಟರುಗಳಲ್ಲಿ ಪ್ರಾಕ್ಸಿ ಎಆರ್‌ಪಿ ಮೊದಲಿನಿಂದಲೇ ಆನ್ ಇರುತ್ತದೆ. ಸರ್ವರ್ ಕೂಗಿದಾಗ ಲ್ಯಾಬಿನ ಪರವಾಗಿ ರೂಟರೇ ‘ನಾನಿದ್ದೇನೆ, ನನಗೆ ಕೊಡು’ ಅನ್ನುತ್ತದೆ. ತಪ್ಪು ಮಾಸ್ಕ್ ವರ್ಷಗಟ್ಟಲೆ ಮುಚ್ಚಿಹೋಗಿರುತ್ತದೆ. ರೂಟರ್ ಬದಲಾದ ದಿನ ಹೊರಗೆ ಬರುತ್ತದೆ. ಹೀಗಾದಾಗ ಹೊಸ ಸ್ವಿಚ್ ಹಾಕಿದವರ ಮೇಲೆ ಅಪವಾದ ಬರುತ್ತದೆ, ಪಾಪ.

ಸರ್ವರ್ ಮುಂದೆ ಕೂತು ‘ಐಪಿ ರೂಟ್ ಗೆಟ್ 192.168.5.23’ ಅಂತ ಕೊಡಿ. ಆ ನಂಬರ್ ಲ್ಯಾಬಿನ ಯಾವುದಾದರೂ ಕಂಪ್ಯೂಟರಿನದು ಇರಲಿ. ಉತ್ತರದಲ್ಲಿ ‘ವಯಾ 192.168.1.1’ ಅಂತ ಬರಬೇಕು. ‘ವಯಾ’ ಇಲ್ಲದೆ ನೇರವಾಗಿ ನೆಟ್‌ವರ್ಕ್ ಕಾರ್ಡಿನ ಹೆಸರು ಬಂದರೆ ಮಾಸ್ಕ್ ತಪ್ಪಿದೆ, ಇಲ್ಲವೇ ಯಾರೋ ಬೇರೆ ರೂಟ್ ಸೇರಿಸಿದ್ದಾರೆ. ನಂಬಿಕೆ ಬರದಿದ್ದರೆ ಬಂದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿ, ಲ್ಯಾಬಿನಲ್ಲಿ ಒಬ್ಬರಿಗೆ ಪಿಂಗ್ ಬಿಡಲು ಹೇಳಿ, ಸ್ಕ್ರೀನ್ ನೋಡುತ್ತಿರಿ. ನನಗೆ ಇದಕ್ಕಿಂತ ಇಷ್ಟವಾದ ಪರೀಕ್ಷೆ ಇಲ್ಲ. ಯಾರ ಮಾತನ್ನೂ ಕೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಪಿಂಗ್ ಬಂದೇ ಇಲ್ಲ ಅಂದರೆ ಸ್ವಿಚ್ ಕಡೆ ಹೋಗಿ. ಬಂದೂ ಉತ್ತರ ಹೊರಡದಿದ್ದರೆ ಸರ್ವರ್ ಬಿಟ್ಟು ಏಳಬೇಡಿ.

ಮಾಸ್ಕ್ ತಿದ್ದುವಾಗ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲ್ಯಾನ್ ಫೈಲಿನಲ್ಲಿ /16 (ಅಂದರೆ 255.255.0.0) ಇದ್ದದ್ದನ್ನು /24 (255.255.255.0) ಮಾಡಿ, ‘ಅಪ್ಲೈ’ ಬದಲು ‘ನೆಟ್‌ಪ್ಲ್ಯಾನ್ ಟ್ರೈ’ ಕೊಡಿ. ನೀವು ಒಪ್ಪಿಗೆ ಕೊಡದಿದ್ದರೆ 120 ಸೆಕೆಂಡಿನಲ್ಲಿ ಹಳೆಯದಕ್ಕೆ ವಾಪಸ್ ಹೋಗುತ್ತದೆ. ದೂರದಿಂದ ಕೆಲಸ ಮಾಡುವವರಿಗೆ ಇದು ದೊಡ್ಡ ಧೈರ್ಯ.

ಹುಬ್ಬಳ್ಳಿಯಿಂದ

ಮೇಲಿನ ಸರ್ ಹೇಳಿದ್ದು ಸರಿ. ವಿಂಡೋಸ್ ಸರ್ವರ್ ಇರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ನೆಟ್‌ವರ್ಕ್ ‘ಪ್ರೈವೇಟ್’ ಅಂತ ಇದ್ದಾಗ ಫೈಲ್ ಮತ್ತು ಪ್ರಿಂಟರ್ ಶೇರಿಂಗಿನ ಫೈರ್‌ವಾಲ್ ರೂಲುಗಳು ‘ಲೋಕಲ್ ಸಬ್‌ನೆಟ್’ಗೆ ಮಾತ್ರ ಬಾಗಿಲು ತೆರೆಯುತ್ತವೆ. ಪಿಂಗೂ ಅದರಲ್ಲೇ ಸೇರಿದೆ. ರೂಲಿನ ಪಕ್ಕ ಹಸಿರು ಟಿಕ್ ಕಾಣುತ್ತದೆ, ಹಾಗಾಗಿ ಎಲ್ಲಾ ಸರಿ ಇದೆ ಅಂದುಕೊಳ್ಳುತ್ತೇವೆ. ಒಳಗೆ ಹೋಗಿ ‘ಸ್ಕೋಪ್’ ಟ್ಯಾಬ್ ನೋಡಬೇಕು. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಬಿಡಬೇಡಿ. ಇನ್ನೊಂದು ಸಬ್‌ನೆಟ್ಟನ್ನು ಅಲ್ಲಿ ಸೇರಿಸಿದರೆ ಸಾಕು. ಐಪಿ ಕೊಟ್ಟರೆ ತೆರೆಯುತ್ತದೆ, ಕಂಪ್ಯೂಟರ್ ಹೆಸರು ಕೊಟ್ಟರೆ ತೆರೆಯುವುದಿಲ್ಲ ಅಂದರೆ ಅದು ಬೇರೆ ಕಥೆ. ಕೂಗಿ ಹೆಸರು ಹುಡುಕುವ ಪದ್ಧತಿ ರೂಟರ್ ದಾಟುವುದಿಲ್ಲ, ಹೆಸರಿಗೆ ಐಪಿ ಹೇಳುವ ಡಿಎನ್ಎಸ್‌ನಲ್ಲಿ ಹೆಸರು ಹಾಕಬೇಕು.

ಬೆಂಗಳೂರಿನಿಂದ

ಸರ್ವರಿನಲ್ಲಿ ಡಾಕರ್ (ಆ್ಯಪ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಇದೆಯಾ ಅಂತಲೂ ನೋಡಿ. ನಿಮ್ಮ 192.168.5ಕ್ಕೆ ಸಂಬಂಧ ಇರಲಾರದು, ಆದರೆ 172ರಿಂದ ಶುರುವಾಗುವ ಸಬ್‌ನೆಟ್ ಇರುವವರು ಕೇಳಿಸಿಕೊಳ್ಳಿ. ಡಾಕರ್ ತನ್ನ ಮೊದಲ ನೆಟ್‌ವರ್ಕಿಗೆ ಸಾಮಾನ್ಯವಾಗಿ 172.17.0.0/16 ತೆಗೆದುಕೊಳ್ಳುತ್ತದೆ, ಆಮೇಲಿನವಕ್ಕೆ 172.18, 172.19 ಹೀಗೆ. ನಮ್ಮ ಒಂದು ವಿಭಾಗದವರು 172.18ರಲ್ಲಿ ಕೂತಿದ್ದರು. ಒಂದು ಹೊಸ ಆ್ಯಪ್ ಹಾಕಿದ ಸಂಜೆಯಿಂದ ಅವರೊಬ್ಬರಿಗೇ ಸರ್ವರ್ ಸಿಗಲಿಲ್ಲ. ಅವರಿಗೆ ಹೋಗಬೇಕಾದ ಉತ್ತರಗಳನ್ನೆಲ್ಲ ಸರ್ವರ್ ತನ್ನ ಹೊಟ್ಟೆಯೊಳಗಿನ ಡಾಕರ್ ನೆಟ್‌ವರ್ಕಿಗೆ ಕಳಿಸುತ್ತಿತ್ತು. ಇದೂ ವಾಪಸ್ ದಾರಿಯದೇ ತೊಂದರೆ. ಡಾಕರಿನ ಸೆಟ್ಟಿಂಗ್ ಫೈಲಿನಲ್ಲಿ ವಿಳಾಸಗಳ ಪೂಲ್ ಬದಲಿಸಿ, ಹಳೇ ನೆಟ್‌ವರ್ಕ್ ಅಳಿಸಿ ಮತ್ತೆ ಮಾಡಿದ ಮೇಲೆ ಸರಿಯಾಯಿತು.

ಶಿವಮೊಗ್ಗದಿಂದ

ಲ್ಯಾಬಿನಲ್ಲಿ ಯಾರಾದರೂ ಮನೆಯಲ್ಲಿ ಬಳಸುವ ವೈಫೈ ರೂಟರ್ ತಂದು ಸಿಕ್ಕಿಸಿದ್ದಾರಾ? ಕೇಬಲ್ ವ್ಯಾನ್ (ಇಂಟರ್ನೆಟ್) ಪೋರ್ಟಿಗೆ ಹಾಕಿದ್ದರೆ ಅದರ ಹಿಂದೆ ಇನ್ನೊಂದು ಸಬ್‌ನೆಟ್ ಹುಟ್ಟುತ್ತದೆ. ಅಲ್ಲಿಂದ ಸರ್ವರಿಗೆ ಹೋಗಬಹುದು, ಸರ್ವರಿನಿಂದ ಅಲ್ಲಿಗೆ ಬರಲಾಗದು. ಐಪಿ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ, ಐಪಿ ಡಿಕ್ಕಿ ಹೊಡೆಯದ ಹಾಗೆ ಬದಲಿಸಿ, ಕೇಬಲ್ ಲ್ಯಾನ್ ಪೋರ್ಟಿಗೆ ಹಾಕಿ.

ಕೇಳಿದವರು, ಮರುದಿನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾವಣಗೆರೆಯ ಸರ್ ಹೇಳಿದ ಹಾಗೆ ಬೆಳಿಗ್ಗೆ ಸರ್ವರ್ ಮುಂದೆ ಕೂತೆ. ‘ಐಪಿ ರೂಟ್ ಗೆಟ್’ ಕೊಟ್ಟರೆ ‘ವಯಾ’ ಇರಲಿಲ್ಲ. ಟಿಸಿಪಿಡಂಪ್ ಹಚ್ಚಿ ಲ್ಯಾಬ್ ಅಟೆಂಡರಿಗೆ ಫೋನ್ ಮಾಡಿ ಪಿಂಗ್ ಬಿಡಲು ಹೇಳಿದೆ. ಲ್ಯಾಬಿನ ಪಿಂಗ್ ಬಂದದ್ದು ಒಂದು ಸಾಲು. ಅದರ ಕೆಳಗೆ, 192.168.5.23 ಯಾರ ಹತ್ತಿರ ಇದೆ, 192.168.1.10ಕ್ಕೆ ತಿಳಿಸಿ ಅಂತ ಸರ್ವರಿನ ಕೂಗು. ಮತ್ತೆ ಅದೇ ಕೂಗು, ಮತ್ತೆ ಅದೇ. ಉತ್ತರ ಯಾರೂ ಕೊಡುತ್ತಿಲ್ಲ. ಇಷ್ಟು ದಿನ ಸರ್ವರ್ ಲ್ಯಾಬನ್ನು ಹುಡುಕುತ್ತಲೇ ಇತ್ತು, ತಪ್ಪು ಜಾಗದಲ್ಲಿ.

ನೆಟ್‌ಪ್ಲ್ಯಾನಿನಲ್ಲಿ /16 ಇತ್ತು. /24 ಮಾಡಿ ‘ಟ್ರೈ’ ಕೊಟ್ಟೆ. ಅಟೆಂಡರ್ ಫೋನ್ ಇಟ್ಟಿರಲಿಲ್ಲ, ‘ಮೇಡಂ, ಬಂತು ಬಂತು’ ಅಂದರು. ಆಮೇಲೆ ಎಂಟರ್ ಒತ್ತಿ ಒಪ್ಪಿಗೆ ಕೊಟ್ಟೆ. ಸ್ವಿಚ್ ಹಾಕಿದವರಿಗೆ ಫೋನ್ ಮಾಡಿ, ನಿಮ್ಮ ಕಡೆ ಏನೂ ತೊಂದರೆ ಇರಲಿಲ್ಲ ಅಂತ ಹೇಳಿದ್ದೇನೆ. ಹಾಜರಿ ಹಾಕುವ ಬಯೋಮೆಟ್ರಿಕ್ ಮಷೀನಿನಲ್ಲೂ ಅದೇ 255.255.0.0 ಇತ್ತು, ಅದನ್ನೂ ಸರಿ ಮಾಡಿದೆ.