ಏರ್ ಫ್ರೈಯರ್ ಸೇಬು ಚಿಪ್ಸ್: ಅಂಚು ಸೀದಿದೆ, ನಡು ರಬ್ಬರ್ ಆಗಿದೆ. ತಪ್ಪು ಎಲ್ಲಿ?

ಸೇಬು_ಹುಚ್ಚಿ:
ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಇನ್ನು ಕೇಳದೆ ಬೇರೆ ದಾರಿ ಇಲ್ಲ.

ಮಾಡಿದ್ದು ಇಷ್ಟು. ಎರಡು ಸೇಬನ್ನು ಚಾಕುವಿನಲ್ಲಿ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದೆ. ಚಕ್ಕೆ ಪುಡಿ, ಸ್ವಲ್ಪ ಅಚ್ಚಖಾರದ ಪುಡಿ, ಉಪ್ಪು, ಒಂದು ಚಮಚ ಸಕ್ಕರೆ ಹಾಕಿ ಕಲಸಿದೆ. ಮಸಾಲೆ ಹಿಡಿಯಲಿ ಅಂತ ಹತ್ತು ನಿಮಿಷ ಬಿಟ್ಟೆ. ಆಮೇಲೆ ಬುಟ್ಟಿಗೆ ಬೇಕಿಂಗ್ ಪೇಪರ್ ಹಾಸಿ, ಎಲ್ಲವನ್ನೂ ಸುರಿದು, 180 ಡಿಗ್ರಿಯಲ್ಲಿ 12 ನಿಮಿಷ ಇಟ್ಟೆ.

ಅಂಚೆಲ್ಲ ಕಪ್ಪು. ನಡು ಮೆತ್ತಗೆ, ಎಳೆದರೆ ರಬ್ಬರ್. ಚಕ್ಕೆ ಕಹಿ ಕಹಿ. ಖಾರದ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಎರಡನೇ ಸಲ 20 ನಿಮಿಷ ಇಟ್ಟೆ, ಇದ್ದಿಲಾಯಿತು. ಮೂರನೇ ಸಲ 160 ಡಿಗ್ರಿ, 15 ನಿಮಿಷ. ಆಗಲೂ ಅದೇ ಕಥೆ, ಕಪ್ಪು ಸ್ವಲ್ಪ ಕಡಿಮೆ ಅಷ್ಟೇ. ಮೆಷೀನೇ ಕೆಟ್ಟಿದೆಯೇನೋ ಅಂತ ಅನುಮಾನ.

ನಿಧಾನ_ಒಣಗಲಿ:
ಮೆಷೀನ್ ಸರಿಯಾಗಿಯೇ ಇದೆ ಮೇಡಂ, ಪಾಪ ಅದನ್ನು ಬೈಯಬೇಡಿ.

ನೀವು ಹಣ್ಣನ್ನು ಹುರಿಯಲು ಹೊರಟಿದ್ದೀರಿ. ಇದು ಹುರಿಯುವ ಕೆಲಸ ಅಲ್ಲ, ಒಣಗಿಸುವ ಕೆಲಸ. ಸೇಬಿನಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ ಇರುತ್ತದೆ. ಅದು ಹೋದರೆ ಮಾತ್ರ ಗರಿಗರಿ. 180ರಲ್ಲಿ ಮೇಲಿನ ಪದರ ಬೇಗ ಒಣಗಿ ಬಿಗಿದುಕೊಳ್ಳುತ್ತದೆ. ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಸಿಹಿ ಸೀದುಹೋಗುತ್ತದೆ. ಸೇಬಿನ ಸಿಹಿಯಲ್ಲಿ ಜಾಸ್ತಿ ಪಾಲು ಫ್ರಕ್ಟೋಸ್. ಅದು ಸುಮಾರು 110 ಡಿಗ್ರಿಯಲ್ಲೇ ಕಂದಾಗಲು ಶುರು ಮಾಡುತ್ತದೆ. ಡಬ್ಬಿಯಲ್ಲಿರುವ ಸಕ್ಕರೆಗೆ 160ರ ಹತ್ತಿರ ಬೇಕು. ಅಂದರೆ ನಿಮ್ಮ ಮೂರನೇ ಸಲದ ಬಿಸಿಯೂ ಹಣ್ಣಿಗೆ ಜಾಸ್ತಿಯೇ.

ನಾಲ್ಕು ಪ್ರಶ್ನೆ ಇವೆ. ಬಿಲ್ಲೆ ಎಷ್ಟು ದಪ್ಪ? (ಅಂದಾಜು ಬೇಡ, ಸ್ಕೇಲ್ ಇಟ್ಟು ನೋಡಿ.) ಒಂದರ ಮೇಲೊಂದು ಬಿದ್ದಿದ್ದವಾ? ಮೆಷೀನಿನಲ್ಲಿ ಕಡಿಮೆ ಅಂದರೆ ಎಷ್ಟು ಡಿಗ್ರಿ ಇಡಬಹುದು? ಕಲಸಿಟ್ಟ ಬಟ್ಟಲಿನ ತಳದಲ್ಲಿ ನೀರು ನಿಂತಿತ್ತಾ?

ಸೇಬು_ಹುಚ್ಚಿ:
ಉಳಿದ ಅರ್ಧ ಸೇಬು ಹೆಚ್ಚಿ ಸ್ಕೇಲ್ ಇಟ್ಟೆ. ನಾಚಿಕೆ ಆಯಿತು. ಒಂದೇ ಬಿಲ್ಲೆ ಒಂದು ಕಡೆ 2 ಮಿ.ಮೀ., ಇನ್ನೊಂದು ಕಡೆ 5. ಹೌದು, ಎರಡು ಮೂರು ಪದರ ಇತ್ತು. ಕಡಿಮೆ ಅಂದರೆ 80 ಡಿಗ್ರಿ ಇಡಬಹುದು. ನೀರೂ ನಿಂತಿತ್ತು, ಮೂರು ನಾಲ್ಕು ಚಮಚ. ಮಸಾಲೆ ಹಾಳಾಗುತ್ತದಲ್ಲ ಅಂತ ಅದನ್ನೂ ಬುಟ್ಟಿಗೇ ಸುರಿದೆ.

ನಿಧಾನ_ಒಣಗಲಿ:
ಒಣಗಿಸಬೇಕಾದ್ದಕ್ಕೆ ನೀರು ಹೊಯ್ದು ಇಟ್ಟಿದ್ದೀರಿ! ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲ ಸಲ ಜೇನುತುಪ್ಪ ಸವರಿ ಇಟ್ಟವನು. ಬುಟ್ಟಿ ಉಜ್ಜಲು ಅರ್ಧ ದಿನ ಹಿಡಿಯಿತು.

ಉಪ್ಪು, ಸಕ್ಕರೆ ಎರಡೂ ಹಣ್ಣಿನಿಂದ ನೀರು ಎಳೆಯುತ್ತವೆ. ಆ ನೀರು ಮೈಮೇಲೆ ನಿಂತರೆ ಬಿಲ್ಲೆ ಒಣಗುವ ಬದಲು ಬೇಯುತ್ತದೆ. ಸಕ್ಕರೆ ಪೂರ್ತಿ ಬಿಡಿ, ಹಣ್ಣಿನ ಸಿಹಿಯೇ ಸಾಕು. ಉಪ್ಪು ಕೊನೆಗೆ.

ಪೇಪರ್ ಕೂಡ ಬೇಡ. ಬುಟ್ಟಿಯ ತಳದಲ್ಲಿ ತೂತು ಇರುವುದೇ ಗಾಳಿ ಓಡಾಡಲಿ ಅಂತ. ಪೇಪರ್ ಹಾಸಿದರೆ ಕೆಳಗಿನ ಮುಖಕ್ಕೆ ಗಾಳಿಯೇ ಇಲ್ಲ.

ಹೆಚ್ಚುವುದಕ್ಕೆ ಸ್ಲೈಸರ್ ಇದ್ದರೆ 2 ಮಿ.ಮೀ.ಗೆ ಇಡಿ. ಹಣ್ಣು ಹಿಡಿಯುವ ಗಾರ್ಡ್ ಇಲ್ಲದೆ ಮಾತ್ರ ಕೈ ಹಾಕಬೇಡಿ. ದಪ್ಪ ಒಂದೇ ಸಮ ಇರಬೇಕು, ಅದೇ ಮುಖ್ಯ. ಎಲ್ಲವೂ 3 ಮಿ.ಮೀ. ಇದ್ದರೂ ನಡೆಯುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಹೆಚ್ಚಿದ್ದನ್ನು ನಿಂಬೆರಸ ಹಿಂಡಿದ ನೀರಿಗೆ ಹಾಕಿ ತೆಗೆದರೆ ಬಣ್ಣ ಕಪ್ಪಾಗುವುದಿಲ್ಲ. ಆಮೇಲೆ ಬಟ್ಟೆಯ ಮೇಲೆ ಹರಡಿ, ಎರಡೂ ಮುಖ ಒತ್ತಿ ಒರೆಸಿ. ಒಂದೇ ಪದರ ಜೋಡಿಸಿ. 95 ಡಿಗ್ರಿ, ಒಂದು ಗಂಟೆ ಅಂದುಕೊಳ್ಳಿ, ಅರ್ಧದಲ್ಲಿ ತಿರುವಿ ಹಾಕಿ.

ಅವಸರದ_ಅಡುಗೆ:
ಒಂದು ಗಂಟೆನಾ? ನಾನು 150 ಡಿಗ್ರಿಯಲ್ಲಿ 15 ನಿಮಿಷಕ್ಕೆ ಮುಗಿಸುತ್ತೇನೆ, ಚೆನ್ನಾಗೇ ಬರುತ್ತದೆ.

ನಿಧಾನ_ಒಣಗಲಿ:
ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಬಿಲ್ಲೆ ಒಂದೂವರೆ ಮಿ.ಮೀ.ಗಿಂತ ತೆಳು ಇರಬೇಕು, ನೀವೂ ಪಕ್ಕದಲ್ಲೇ ನಿಂತಿರಬೇಕು. ಕೊನೆಯ ಮೂರು ನಿಮಿಷದಲ್ಲಿ ಒಂದು ನಿಮಿಷ ಆಚೀಚೆ ಆದರೆ ಹೋಯಿತು. ಕೈ ಪಳಗಿದವರಿಗೆ ಅದು ಸರಿ.

ಅವಸರದ_ಅಡುಗೆ:
ನಿಂತೇ ಇರುತ್ತೇನೆ, ಅದು ನಿಜ. 😀

ಮಸಾಲೆ_ಡಬ್ಬಿ:
ಖಾರದ ಘಾಟಿನ ಬಗ್ಗೆ ಯಾರೂ ಹೇಳಲಿಲ್ಲ. ಏರ್ ಫ್ರೈಯರಿನ ಫ್ಯಾನ್ ಜೋರು. ಸಡಿಲ ಪುಡಿ ಹಾರಿ ಮೇಲಿರುವ ಕಾಯಿಲಿಗೆ (ಬಿಸಿ ಮಾಡುವ ಸುರುಳಿಗೆ) ತಾಗುತ್ತದೆ, ಅಲ್ಲೇ ಸುಡುತ್ತದೆ. ಕೆಮ್ಮು ಬಂದದ್ದು ಅದಕ್ಕೆ. ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒಳಗಡೆ ಒಮ್ಮೆ ಒರೆಸಿಬಿಡಿ, ಇಲ್ಲದಿದ್ದರೆ ಮುಂದಿನ ಅಡುಗೆಗೂ ಅದೇ ವಾಸನೆ.

ನಾನು ಮಾಡುವ ಕ್ರಮ ಹೀಗೆ. ಚಕ್ಕೆ ಪುಡಿ, ಒಣಶುಂಠಿ ಪುಡಿ ಇವನ್ನು ಮೊದಲೇ ಹಾಕಬಹುದು, 100ರ ಒಳಗೆ ಇವು ಕಹಿಯಾಗುವುದಿಲ್ಲ. ಆದರೆ ಒರೆಸಿದ ಬಿಲ್ಲೆಯ ಮೇಲೆ ಸಣ್ಣ ಜರಡಿಯಿಂದ ಉದುರಿಸಿ ಬೆರಳಲ್ಲಿ ಸವರಬೇಕು, ಮೈಗೆ ಹತ್ತಿಕೊಳ್ಳಬೇಕು. ಖಾರದ ಪುಡಿ, ಕಾಳುಮೆಣಸು, ಉಪ್ಪು ಇವನ್ನು ಒಟ್ಟಿಗೆ ಕುಟ್ಟಿ ನುಣ್ಣಗೆ ಮಾಡಿಟ್ಟುಕೊಳ್ಳಿ. ಬುಟ್ಟಿ ಹೊರಗೆ ತೆಗೆದ ತಕ್ಷಣ ಉದುರಿಸಿ. ಬಿಸಿ ಇರುವಾಗ ಹಣ್ಣಿನ ಮೈ ಸ್ವಲ್ಪ ಅಂಟಂಟು ಇರುತ್ತದೆ, ಆಗ ಹಿಡಿದದ್ದೇ ಹಿಡಿದದ್ದು. ತಣ್ಣಗಾದ ಮೇಲೆ ಹಾಕಿದರೆ ಪುಡಿಯೆಲ್ಲ ತಟ್ಟೆಯ ತಳಕ್ಕೆ.

ಸೇಬು_ಹುಚ್ಚಿ:
ನಾಲ್ಕನೇ ಸಲದ ವರದಿ. 95 ಡಿಗ್ರಿ, ಒಂದೇ ಪದರ, ಪೇಪರ್ ಇಲ್ಲ.

ಅರ್ಧ ಗಂಟೆಗೆ ಒಳಗಿನಿಂದ ಟಪಟಪ ಸದ್ದು. ತೆರೆದು ನೋಡಿದರೆ ಬಿಲ್ಲೆಗಳು ಹಗುರಾಗಿ ಹಾರಾಡುತ್ತಿವೆ! ಒಂದು ಹೋಗಿ ಕಾಯಿಲಿನ ಜಾಲರಿಗೆ ಅಂಟಿತ್ತು. ಮೆಷೀನ್ ಜೊತೆ ಬಂದಿದ್ದ ಕಂಬಿಯ ಸ್ಟ್ಯಾಂಡ್ ಮಗುಚಿ ಮೇಲೆ ಇಟ್ಟೆ, ಸದ್ದು ನಿಂತಿತು.

ಒಂದು ಗಂಟೆಗೆ ತೆಗೆದೆ. ಕಪ್ಪಾಗಿಲ್ಲ, ಬಣ್ಣ ಚೆನ್ನಾಗಿದೆ. ಆದರೆ ಕೈಯಲ್ಲಿ ಹಿಡಿದರೆ ಬಟ್ಟೆ ಥರ ಬಗ್ಗುತ್ತದೆ. ಇದೂ ಹೋಯಿತು ಅಂತ ತಟ್ಟೆ ಅಲ್ಲೇ ಬಿಟ್ಟು ಫೋನ್ ಎತ್ತಲು ಹೋದೆ. ಐದು ನಿಮಿಷ ಬಿಟ್ಟು ಬಂದು ಸುಮ್ನೆ ಒಂದನ್ನು ಬಾಯಿಗೆ ಹಾಕಿದರೆ ಕುರುಂ ಅಂತು! ಇನ್ನೊಂದು ತಿಂದೆ, ಅದು ಮೆತ್ತಗೆ. ಹೀಗೆ ಅರ್ಧ ಗರಿಗರಿ, ಅರ್ಧ ಮೆತ್ತಗೆ. ಇದೇನು ಕಣ್ಣಾಮುಚ್ಚಾಲೆ?

ನಿಧಾನ_ಒಣಗಲಿ:
ಬಿಸಿ ಇರುವಾಗ ಯಾವ ಹಣ್ಣಿನ ಚಿಪ್ಸೂ ಗರಿಗರಿ ಇರುವುದಿಲ್ಲ. ಒಳಗಿನ ಸಿಹಿ ಬಿಸಿಗೆ ಮೆತ್ತಗಿರುತ್ತದೆ, ತಣ್ಣಗಾದರೆ ಗಾಜಿನಂತೆ ಗಟ್ಟಿಯಾಗುತ್ತದೆ. ಸಕ್ಕರೆ ಪಾಕ ತಟ್ಟೆಗೆ ಬಿದ್ದು ಆರಿದ ಮೇಲೆ ಚಟಕ್ ಅಂತ ಮುರಿಯುತ್ತದಲ್ವಾ, ಹಾಗೆ. ಹಾಗಾಗಿ ಬುಟ್ಟಿಯಲ್ಲೇ ಮುಟ್ಟಿ ನೋಡಬೇಡಿ. ಅತ್ಯಂತ ದಪ್ಪ ಕಾಣುವ ಒಂದನ್ನು ತೆಗೆದು ತಟ್ಟೆಯಲ್ಲಿ ಎರಡು ನಿಮಿಷ ಇಟ್ಟು ಮುರಿಯಿರಿ. ಮುರಿದರೆ ಆಯಿತು. ಬಗ್ಗಿದರೆ ಇನ್ನೂ ಹತ್ತು ನಿಮಿಷ.

ತೂಕದ ತಕ್ಕಡಿ ಇದೆಯಾ? ಇದ್ದರೆ ಇನ್ನೂ ಸುಲಭ. ಮಸಾಲೆ ಹಾಕುವ ಮುಂಚೆ ಹಸಿ ಬಿಲ್ಲೆ 150 ಗ್ರಾಂ ಇದ್ದರೆ, ಒಣಗಿದ ಮೇಲೆ 25 ಗ್ರಾಂ ಆಸುಪಾಸಿಗೆ ಬರಬೇಕು. ಅದಕ್ಕಿಂತ ಬಹಳ ಮೇಲಿದ್ದರೆ ನೀರು ಇನ್ನೂ ಒಳಗಿದೆ.

ಸೇಬು_ಹುಚ್ಚಿ:
ಈಗ ತೂಗಿದೆ. ಹಸಿ 150 ಇತ್ತು. ನಾಲ್ಕೈದು ಬಿಲ್ಲೆ ತಿಂದ ಮೇಲೂ 34 ಗ್ರಾಂ ಇದೆ. ಉತ್ತರ ಸಿಕ್ಕಿತು.

ಬಾಳೆ_ಬೇಕು:
ನಡುವೆ ಬಂದೆ, ಕ್ಷಮಿಸಿ. ಇದೇ ರೀತಿ ಬಾಳೆಹಣ್ಣಿಗೆ ಮಾಡಿದರೆ ಎರಡು ಗಂಟೆ ಆದರೂ ತೊಗಲಿನ ಹಾಗೇ ಇರುತ್ತದೆ. ಯಾಕೆ?

ನಿಧಾನ_ಒಣಗಲಿ:
ಚುಕ್ಕೆ ಬಂದ ಹಣ್ಣು ಹಾಕಿರುತ್ತೀರಿ. ಬಾಳೆ ಮಾಗಿದಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಜಾಸ್ತಿ ಆದಷ್ಟೂ ಅಂಟು ಜಾಸ್ತಿ. ತೊಟ್ಟಿನ ಹತ್ತಿರ ಇನ್ನೂ ಹಸಿರಿರುವಾಗಲೇ ಹೆಚ್ಚಿ. ಮಾಗಿದ ಮಾವು, ಅನಾನಸ್ ಕೂಡ ಇದೇ ಜಾತಿ. ಜಗಿಯಲು ಚೆನ್ನಾಗಿರುತ್ತವೆ, ಕುರುಂ ಅನ್ನಿಸುವುದು ಕಷ್ಟ. ಪೇರ್ ಹಣ್ಣು ಗಟ್ಟಿ ಇದ್ದರೆ ಸೇಬಿನ ಹಾಗೆಯೇ ಬರುತ್ತದೆ.

ಸೇಬು_ಹುಚ್ಚಿ:
ಐದನೇ ಸಲ! 95 ಡಿಗ್ರಿ, ಒಂದು ಗಂಟೆ 20 ನಿಮಿಷ, ಕೊನೆಗೆ 26 ಗ್ರಾಂ. ಚಕ್ಕೆ, ಒಣಶುಂಠಿ ಮೊದಲು. ಖಾರ, ಮೆಣಸು, ಉಪ್ಪು ಬಿಸಿಯಲ್ಲಿ. ಸಿಪ್ಪೆಯ ಅಂಚು ಚೂರು ಮುದುಡಿ ದೋಣಿ ಥರ ಆಗಿದೆ, ಖಾರ ಎಲ್ಲ ಅದರ ಹೊಟ್ಟೆಯಲ್ಲಿ ಕೂತಿದೆ. ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಮೆಣಸು.

ಎರಡು ದೂರು ಉಳಿದಿವೆ. ನಿನ್ನೆ ರಾತ್ರಿ ಡಬ್ಬಿಗೆ ಹಾಕಿದ್ದು ಬೆಳಿಗ್ಗೆ ಮೆತ್ತಗಾಗಿತ್ತು. ಮತ್ತೆ ಬುಟ್ಟಿಯ ಹಿಂದಿನ ಮೂಲೆಯ ಬಿಲ್ಲೆಗಳು ಪ್ರತಿ ಸಲ ಹಿಂದೆ ಬೀಳುತ್ತವೆ.

ಮಸಾಲೆ_ಡಬ್ಬಿ:
ಡಬ್ಬಿಗೆ ಹಾಕುವಾಗ ಚೂರು ಬೆಚ್ಚಗಿದ್ದವಾ? ಹಾಗಿದ್ದರೆ ಅದರ ಹಬೆಯೇ ಸಾಕು. ಪೂರ್ತಿ ಆರಲಿ, ಆದರೆ ಗಂಟೆಗಟ್ಟಲೆ ಹೊರಗೆ ಬಿಡಬೇಡಿ, ಗಾಳಿಯ ಪಸೆ ಎಳೆದುಕೊಳ್ಳುತ್ತವೆ. ಅರ್ಧ ಖಾಲಿ ದೊಡ್ಡ ಡಬ್ಬಿಗಿಂತ ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿ ಒಳ್ಳೆಯದು. ಮೆತ್ತಗಾದದ್ದನ್ನು ಎಸೆಯಬೇಡಿ. 95ರಲ್ಲೇ ಹತ್ತು ನಿಮಿಷ ಇಟ್ಟು ಆರಿಸಿ, ಮತ್ತೆ ಗರಿಗರಿ. ಸ್ಟ್ಯಾಂಡ್ ಮೇಲಿಡಲು ಮರೆಯಬೇಡಿ, ಖಾರ ಹಾಕಿದ ಮೇಲೆ ಹಾರಿದರೆ ಮತ್ತೆ ಕೆಮ್ಮು.

ನಿಧಾನ_ಒಣಗಲಿ:
ಮೂಲೆಯ ವಿಷಯ: ಎಲ್ಲ ಮೆಷೀನಿನಲ್ಲೂ ಗಾಳಿ ಕಡಿಮೆ ಬೀಳುವ ಒಂದು ಜಾಗ ಇರುತ್ತದೆ. ತಿರುವಿ ಹಾಕುವಾಗ ಅಲ್ಲಿಯವನ್ನು ನಡುವಿಗೆ ತನ್ನಿ, ನಡುವಿನವನ್ನು ಅಲ್ಲಿಗೆ. ಸಾಲದಿದ್ದರೆ ಆ ಮೂಲೆ ಖಾಲಿ ಬಿಡಿ.

ಸೇಬು_ಹುಚ್ಚಿ:
ಖಾಲಿ ಬಿಡುತ್ತೇನೆ. ಪೇರ್ ಹೆಚ್ಚಿ ತೂಗಿದ್ದೂ ಆಯಿತು, ಸರಿಯಾಗಿ 180 ಗ್ರಾಂ. ಬರೆದಿಟ್ಟುಕೊಂಡಿದ್ದೇನೆ.